ಒಲೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ!



ರಜೆ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು, ಸೊಸೆಗೆ ಅಡಿಗೆ ಕಲಿಸುವುದು ಹೇಗೆ ಎಂಬ ಪ್ರಶ್ನೆಗಳೆಲ್ಲ ಹಿಂದೆ ಸರಿದು, "ಎಲ್ಲಿಗೆ ಹೋಗೋಣ ಅಕ್ಕಾ? ಎಷ್ಟು ಖರ್ಚಾದೀತು?" ಎಂಬ ಪತ್ರಗಳೇ ಮುಂದೆ ಬರುತ್ತವೆ. ಕೋಶ ಓದು, ದೇಶ ಸುತ್ತು ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ನೀವು ಹೊರಟಿದ್ದೀರೆಂದರೆ ನನಗೂ ಸಂತೋಷವೇ.

ಈ ಸಲ ಒಬ್ಬ ತಂಗಿ ಬರೆದ ಪತ್ರವನ್ನು ಮಾತ್ರ ನಾನು ಎರಡು ಮೂರು ಸಲ ಓದಿದೆ. ಯಜಮಾನರು, ಇಬ್ಬರು ಮಕ್ಕಳು, ಅತ್ತೆ, ಮಾವ, ಒಟ್ಟು ಆರು ಜನ ಆರು ದಿನಕ್ಕೆ ಕೇರಳಕ್ಕೆ ಹೊರಟಿದ್ದಾರಂತೆ. ಒಯ್ಯಬೇಕಾದ ಸಾಮಾನಿನ ಪಟ್ಟಿಯನ್ನು ನೀಟಾಗಿ ಬರೆದು ಕಳಿಸಿದ್ದಾರೆ. ಸಣ್ಣ ಗ್ಯಾಸ್ ಒಲೆ, ಮೂರು ಲೀಟರಿನ ಕುಕ್ಕರ್, ನಾಲ್ಕು ಕೆ.ಜಿ. ಅಕ್ಕಿ, ತೊಗರಿಬೇಳೆ, ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಈಳಿಗೆಮಣೆ, ಒಗ್ಗರಣೆ ಸೌಟು, ಪಾತ್ರೆ ತೊಳೆಯುವ ಸೋಪು, ಬಟ್ಟೆ ಒಣಹಾಕಲು ಹಗ್ಗ... ಕೊನೆಯಲ್ಲಿ, "ಇನ್ನೇನಾದರೂ ಮರೆತಿದ್ದೇನೆಯೇ, ತಿಳಿಸಿ ಅಕ್ಕಾ" ಎಂದು ಕೇಳಿದ್ದಾರೆ.

ಮರೆತಿದ್ದೀರಿ ತಂಗೀ, ಮುಖ್ಯವಾದದ್ದನ್ನೇ ಮರೆತಿದ್ದೀರಿ. ಆರು ಜನ ಹೊರಟಿರುವುದು ನಿಜ, ಆದರೆ ನಿಮ್ಮ ಪಟ್ಟಿ ನೋಡಿದರೆ ಐದು ಜನರಿಗಷ್ಟೇ ಪ್ರವಾಸ. ಆರನೆಯವರು ಅಡಿಗೆಮನೆಯನ್ನು ಹೊತ್ತುಕೊಂಡು ಬೇರೆ ಊರಿಗೆ ಹೋಗುತ್ತಿದ್ದಾರೆ, ಅಷ್ಟೆ!

ಇಷ್ಟು ಬಿರುಸಾಗಿ ಬರೆದೆನೆಂದು ಬೇಸರಿಸಬೇಡಿ. ನಾನೂ ಒಂದು ಕಾಲಕ್ಕೆ ಇಂಥದೇ ಪಟ್ಟಿ ಮಾಡಿದವಳು. ಆ ಕಥೆ ಹೇಳಿಬಿಡುತ್ತೇನೆ, ಕೇಳಿ.

ಅದು 1996ರ ಡಿಸೆಂಬರ್. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು. ನಮ್ಮದು ತಿಪಟೂರಿನ ಕಡೆ. ತೆಂಗಿನ ತೋಟ, ಕೊಬ್ಬರಿ ಸಂತೆ ಬಿಟ್ಟರೆ ಬೇರೇನೂ ನೋಡದ ಜನ ನಾವು. ನಮ್ಮವರಿಗೆ ಅಪರೂಪಕ್ಕೆ ವಾರದ ರಜೆ ಸಿಕ್ಕಿತ್ತು. ಕೇರಳಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಅತ್ತೆಯವರು ಬಲು ಮಡಿ, ಹೊರಗಿನದನ್ನು ಬಾಯಿಗೆ ಹಾಕುತ್ತಿರಲಿಲ್ಲ. ಹಾಗಾಗಿ ಪಂಪ್ ಸ್ಟೌ, ಕುಕ್ಕರ್, ಬೇಳೆಕಾಳುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಹೊರಟೆವು. ಆಲಪ್ಪುಳದಲ್ಲಿ ಒಂದು ವಸತಿಗೃಹ. ಕೋಣೆಯ ಹಿಂದೆ ಒಂದು ಚಿಕ್ಕ ಜಗಲಿ, ಅದರ ಮೂಲೆಯಲ್ಲೊಂದು ನಲ್ಲಿ. ಸೋದರಿಯರೇ, ನಾನು ಕಂಡ ಕೇರಳವೆಂದರೆ ಆ ನಲ್ಲಿ! ಬೆಳಿಗ್ಗೆ ಎದ್ದು ಕಾಫಿ, ತಿಂಡಿ. ಪಾತ್ರೆ ತೊಳೆದು ಏಳುವಷ್ಟರಲ್ಲಿ ಊಟದ ಹೊತ್ತು. ಮಕ್ಕಳ ಬಟ್ಟೆ ಒಗೆದು ಹಾಕಿದರೆ ಅಲ್ಲಿನ ತೇವದ ಹವೆಗೆ ಅದು ಒಣಗುವುದೇ ಇಲ್ಲ.

ಎರಡನೆಯ ದಿನ ಎಲ್ಲರೂ ದೋಣಿಯಲ್ಲಿ ಹೋಗುವುದೆಂದಾಯಿತು. "ನೀನೂ ಬಾ" ಎಂದು ನಮ್ಮವರು ಕರೆದರು. ಸುಳ್ಳು ಹೇಳಬಾರದು, ಕರೆದರು. ಆದರೆ ಸಂಜೆ ಎಲ್ಲರೂ ಹಸಿದು ಬರುತ್ತಾರೆ, ಅತ್ತೆಯವರಿಗೆ ಅನ್ನ ಆಗಿರಬೇಕು, ಬೇಳೆ ಇನ್ನೂ ಬೇಯಬೇಕು. "ನೀವು ಹೋಗಿ ಬನ್ನಿ, ನಾನು ನಾಳೆ ನೋಡಿದರಾಯಿತು" ಎಂದೆ. ಆ ನಾಳೆ ಬರಲಿಲ್ಲ. ಮರುದಿನ ಮಗಳಿಗೆ ಜ್ವರ, ಅದರ ಮರುದಿನ ಊರಿಗೆ ಹೊರಟೆವು.

ಮನೆಗೆ ಬಂದ ಮೇಲೆ ವರ್ಷಗಟ್ಟಲೆ ಆ ದೋಣಿಯದೇ ಮಾತು. ನೆಂಟರ ಮುಂದೆ, ಹಬ್ಬದ ಊಟದಲ್ಲಿ, "ದೋಣಿ ವಾಲಿದಾಗ ಅಜ್ಜಿ ದೇವರ ನಾಮ ಹೇಳೋಕೆ ಶುರು ಮಾಡಿದ್ರಲ್ಲ, ನೆನಪಿದೆಯಾ ಅಮ್ಮಾ?" ಎಂದು ಮಗ ನಗುವನು. ನಾನೂ "ಹ್ಞೂ" ಎಂದು ನಗುವೆನು. ನಾನು ಆ ದೋಣಿಯಲ್ಲಿ ಇರಲೇ ಇಲ್ಲ ಎಂಬುದನ್ನು ಒಬ್ಬರೂ ನೆನಪಿಟ್ಟಿರಲಿಲ್ಲ. ನಾನೂ ಹೇಳಲಿಲ್ಲ. ಹೇಳಿ ಏನಾಗಬೇಕು, ಅಲ್ಲವೇ?

ಕಳೆದ ದೀಪಾವಳಿಗೆ ಬಂದ ಮಗಳು ಹಳೆಯ ಆಲ್ಬಂ ತೆಗೆದು ಕೂತಿದ್ದಳು. ಕೇರಳದ ಹನ್ನೊಂದು ಫೋಟೋಗಳನ್ನೂ ತಿರುವಿ ಹಾಕಿ, "ಅಮ್ಮಾ, ನೀನು ಒಂದರಲ್ಲೂ ಇಲ್ವಲ್ಲೇ! ಫೋಟೋ ತೆಗೆದೋಳು ನೀನೇನಾ?" ಎಂದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಮಂಚದ ಮೇಲೆ ಹೂಬತ್ತಿ ಹೊಸೆಯುತ್ತಿದ್ದ ಅತ್ತೆಯವರು ತಲೆ ಎತ್ತದೆಯೇ ಹೇಳಿದರು: "ಅವಳೆಲ್ಲಿ ಬಂದಿದ್ಲು? ರೂಮಲ್ಲಿ ಅಡಿಗೆ ಮಾಡ್ತಿದ್ಲು. ನಾನೇ ಹೊರಗಿನದು ತಿನ್ನೋಲ್ಲ ಅಂದಿದ್ನಲ್ಲ."

ಮನೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಇಪ್ಪತ್ತೆಂಟು ವರ್ಷಕ್ಕೂ ಮೇಲಾಯಿತು, ನೆನಪಿಟ್ಟುಕೊಂಡಿದ್ದವರು ಅವರೊಬ್ಬರೇ! ಈಗ ಅವರಿಗೆ ಎಂಬತ್ನಾಲ್ಕು. ಬತ್ತಿಯ ತಟ್ಟೆ ಪಕ್ಕಕ್ಕಿಟ್ಟು, "ಇನ್ನೊಂದ್ಸಲ ಹೋಗೋಣ. ನಾನೂ ಬರ್ತೀನಿ. ಹೋಟೆಲಲ್ಲೇ ಉಣ್ತೀನಿ, ಒಂದೆಸಳು ತುಳಸಿ ಹಾಕ್ಕೊಂಡ್ರೆ ಆಯ್ತು" ಎಂದರು. ನಮ್ಮವರು ಕನ್ನಡಕ ಒರೆಸಿಕೊಳ್ಳುತ್ತಾ ಎದ್ದು ಹೋದವರು, ಮಾರನೆಯ ದಿನವೇ ರೈಲಿನ ಟಿಕೆಟ್ ತೆಗೆಸಿದರು.

ಹೀಗೆ ಕಳೆದ ಜನವರಿಯಲ್ಲಿ ನಾನು ಎರಡನೆಯ ಬಾರಿಗೆ, ಅಂದರೆ ಮೊದಲನೆಯ ಬಾರಿಗೆ, ಕೇರಳ ನೋಡಿದೆ. ಈಗ ಬರೆಯುವ ಸಲಹೆಗಳೆಲ್ಲ ಆ ಅನುಭವದವು.

ಮೊದಲು ಊಟದ ವಿಷಯ, ನಿಮ್ಮ ಚಿಂತೆಯೂ ಅದೇ ತಾನೆ? ಕೇರಳದಲ್ಲಿ ಮೀನು ಮಾಂಸದ ಹೋಟೆಲುಗಳೇ ಹೆಚ್ಚು ಎಂಬುದು ಸರಿ. ಆದರೆ ಶುದ್ಧ ಸಸ್ಯಾಹಾರಿ ಹೋಟೆಲುಗಳು ಊರೂರಲ್ಲೂ ಇವೆ, ದೊಡ್ಡ ದೇವಸ್ಥಾನಗಳ ಆಸುಪಾಸಿನಲ್ಲಂತೂ ಖಂಡಿತ ಸಿಗುತ್ತವೆ. ಮಧ್ಯಾಹ್ನ ಎಲೆ ಊಟ. ಕೆಂಪು ಗೆರೆಯ ದಪ್ಪ ಕುಸುಬಲಕ್ಕಿ ಅನ್ನ, ಸಾಂಬಾರು, ತೋರನ್ ಎಂಬ ಕಾಯಿ ಹಾಕಿದ ಪಲ್ಯ, ಅವಿಯಲ್, ಮಜ್ಜಿಗೆ. ಬಿಳಿ ಅನ್ನ ಬೇಕೆಂದರೆ ಮೊದಲೇ ಕೇಳಿ, ಬಹಳ ಕಡೆ ಕೊಡುತ್ತಾರೆ. ಕುಡಿಯಲು ನಸುಗೆಂಪು ಬಣ್ಣದ ಬಿಸಿನೀರು ತಂದಿಟ್ಟರೆ ಗಾಬರಿಯಾಗಬೇಡಿ. ಅದು ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು. ಕುದಿಸಿದ್ದಾದ್ದರಿಂದ ಪ್ರವಾಸಿಗರಿಗೆ ಒಳ್ಳೆಯದೇ.

ನಮ್ಮ ಅತ್ತೆಯವರ ಮೊದಲ ಹೋಟೆಲ್ ಊಟದ ಪ್ರಸಂಗ ಹೇಳದಿದ್ದರೆ ಹೇಗೆ? ಬಡಿಸುವ ಹುಡುಗ ಸಾಂಬಾರಿನ ಬಕೀಟು ಹಿಡಿದು, "ಮತಿಯೋ ಅಮ್ಮೇ?" ಎಂದ. ಅತ್ತೆಯವರಿಗೆ ಅದು "ಮಡಿಯೋ?" ಎಂದು ಕೇಳಿಸಿತು. ಬಲು ಸಂತೋಷದಿಂದ, "ಹೌದಪ್ಪಾ ಹೌದು, ಮಡಿಯೇ!" ಎಂದು ತಲೆಯಾಡಿಸಿದರು. ಹುಡುಗ ಮುಂದಕ್ಕೆ ಹೋಗಿಬಿಟ್ಟ. ಪಲ್ಯಕ್ಕೂ ಹಾಗೇ, ಮಜ್ಜಿಗೆಗೂ ಹಾಗೇ. "ಇದೇನೇ ಇದು, ಮಡಿ ಅಂದ್ರೆ ಬಡಿಸೋದೇ ನಿಲ್ಲಿಸ್ತಾನಲ್ಲ!" ಎಂದು ನನ್ನ ಕಡೆ ತಿರುಗಿದರು. ಪಕ್ಕದಲ್ಲಿ ಊಟ ಮಾಡುತ್ತಿದ್ದ ಕಾಸರಗೋಡಿನ ಹೆಂಗಸೊಬ್ಬರು ಕನ್ನಡದಲ್ಲೇ ನಕ್ಕು ಹೇಳಿದರು, "ಮತಿ ಅಂದ್ರೆ ಸಾಕು ಅಂತ ಅಮ್ಮಾ!" ಅಂದಿನಿಂದ ನಮ್ಮ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ತುಂಬಿದರೆ "ಮಡಿ ಆಯ್ತು" ಎನ್ನುವುದೇ ರೂಢಿಯಾಗಿದೆ. ನೀವೂ ಈ ನಾಲ್ಕು ಮಾತು ಕಲಿತಿರಿ: ಮತಿ ಎಂದರೆ ಸಾಕು, ವೇಂಡ ಎಂದರೆ ಬೇಡ, ಚೂಡುವೆಳ್ಳಂ ಎಂದರೆ ಬಿಸಿನೀರು, ಎತ್ರ ಎಂದರೆ ಎಷ್ಟು. ಹೆಂಗಸರನ್ನು "ಚೇಚಿ" ಎಂದು ಕರೆಯಿರಿ, ಅಕ್ಕ ಎಂದರ್ಥ, ಮುಖ ಅರಳುತ್ತದೆ.

ಇನ್ನೊಂದು ಒಳ್ಳೆಯ ಏರ್ಪಾಡು ಇದೆ. ಕೇರಳ ಸರ್ಕಾರ 1998ರಲ್ಲಿ ಆರಂಭಿಸಿದ 'ಕುಡುಂಬಶ್ರೀ' ಎಂಬ ಹೆಂಗಸರ ಸಂಘಟನೆಯ ಹೆಸರು ಕೇಳಿರಬಹುದು. 40 ಲಕ್ಷಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿದ್ದಾರೆ. ಅವರ ಗುಂಪುಗಳು ನಡೆಸುವ ಉಪಾಹಾರ ಗೃಹಗಳು ಅಲ್ಲಲ್ಲಿ ಸಿಗುತ್ತವೆ, ಮನೆ ಊಟದ ರುಚಿ, ಹೆಚ್ಚು ದುಬಾರಿಯೂ ಅಲ್ಲ. ಮೀನಿನ ಅಡಿಗೆಯೂ ಅಲ್ಲಿರುತ್ತದೆ, ಕೇಳಿಕೊಂಡು ಕೂರಬೇಕು. ನಾವು ಹೋದ ಒಂದು ಕಡೆ ಪುಟ್ಟು ಮತ್ತು ಕಡಲೆ ಗೊಜ್ಜು ಕೊಟ್ಟರು. ಪುಟ್ಟು ಎಂದರೆ ಅಕ್ಕಿಹಿಟ್ಟು, ಕಾಯಿತುರಿಗಳನ್ನು ಕೊಳವೆಯಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದ್ದು. ಅತ್ತೆಯವರು ಅದರ ಜೊತೆ ಹಬೆಯಲ್ಲಿ ಬೇಯಿಸಿದ ನೇಂದ್ರ ಬಾಳೆಹಣ್ಣು ತಿಂದರು. ಬಡಿಸಿದಾಕೆ ಪಕ್ಕದಲ್ಲೇ ನಿಂತು, ತಿಂದರೋ ಇಲ್ಲವೋ ಎಂದು ನೋಡುತ್ತಿದ್ದಳು. ಬೇರೊಬ್ಬಳು ಮಾಡಿ ಬಡಿಸಿದ್ದನ್ನು ಕೂತು ತಿನ್ನುವ ಸುಖ ಎಷ್ಟು ದೊಡ್ಡದು ಎಂಬುದು, ದಿನಾ ಬಡಿಸುವವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು ಹೇಳಿ!

ಒಲೆ ಒಯ್ಯಬೇಡಿ ಎನ್ನುವುದಕ್ಕೆ ಇನ್ನೂ ಗಟ್ಟಿ ಕಾರಣವಿದೆ. ರೈಲಿನಲ್ಲಿ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ ಒಯ್ಯುವುದು ಅಪರಾಧ. 2023ರ ಆಗಸ್ಟ್ 26ರಂದು ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಗೆ, ಒಳಗೆ ಕದ್ದು ಒಯ್ದಿದ್ದ ಸಿಲಿಂಡರ್‌ನಿಂದ ಬೆಂಕಿ ಹತ್ತಿ ಒಂಬತ್ತು ಜನ ತೀರಿಹೋದರು. ತಂಗೀ, ಪಟ್ಟಿಯ ಮೊದಲ ಹೆಸರನ್ನು ಈಗಲೇ ಹೊಡೆದು ಹಾಕಿ.

ಇನ್ನು ನೋಡುವ ಜಾಗಗಳು. ಆರು ದಿನದಲ್ಲಿ ಇಡೀ ಕೇರಳ ಸುತ್ತುತ್ತೇವೆಂದು ಹೊರಟರೆ ಬಸ್ಸಿನ ಕಿಟಕಿ ಮಾತ್ರ ನೋಡಿ ಬರುತ್ತೀರಿ. ಎರಡೇ ಊರಲ್ಲಿ ನೆಲೆ ನಿಲ್ಲಿ, ಕೊಚ್ಚಿ ಮತ್ತು ಆಲಪ್ಪುಳ. ಬೆಂಗಳೂರಿನಿಂದ ರಾತ್ರಿ ಹತ್ತಿದರೆ ಬೆಳಿಗ್ಗೆ ಎರ್ನಾಕುಳಂನಲ್ಲಿ ಇಳಿಸುವ ರೈಲುಗಳಿವೆ. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಹಿರಿಯರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತಿನ ಕೋಟಾ ಇದೆ, ಕೇಳಿ ಪಡೆಯಿರಿ.

ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ಸರ್ಕಾರಿ ದೋಣಿಯಲ್ಲೇ ಹೋಗಿ. ದಡದಲ್ಲಿ ಸಾಲಾಗಿ ನಿಂತ ಚೀನೀ ಬಲೆಗಳು ಕಾಣುತ್ತವೆ. ಬಾವಿಯ ಏತದ ಹಾಗೆಯೇ ಅದರ ಉಪಾಯ. ಒಂದು ಕಡೆ ದೊಡ್ಡ ಬಲೆ, ಇನ್ನೊಂದು ಕಡೆ ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರ. ನಾಲ್ಕಾರು ಜನ ಸೇರಿ ಎಳೆದರೆ ಬಲೆ ಮೇಲೇಳುತ್ತದೆ. ಹತ್ತಿರದಲ್ಲೇ ಸಂತ ಫ್ರಾನ್ಸಿಸ್ ಚರ್ಚು. ಶಾಲೆಯ ಪುಸ್ತಕದಲ್ಲಿ ಓದಿದ ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡು ಇಲ್ಲೇ ಮಣ್ಣಾದ. ಆಮೇಲೆ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಮಕ್ಕಳಿಗೆ ಸಮಾಧಿಯ ಜಾಗ ತೋರಿಸಿ, ಪಾಠ ಮರೆಯುವುದಿಲ್ಲ.

ಮಟ್ಟಾಂಚೇರಿಯ ಅರಮನೆಯನ್ನು ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿ ಕೊಚ್ಚಿಯ ರಾಜನಿಗೆ ಕೊಟ್ಟರು, ಮುಂದೆ ಡಚ್ಚರು ದುರಸ್ತಿ ಮಾಡಿಸಿದರು. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಹೋದರೆ ಗೋಡೆಯ ತುಂಬ ರಾಮಾಯಣ! ಎಲೆ ಹಸಿರು, ಕಾವಿಗೆಂಪು, ಹಳದಿ ಬಣ್ಣಗಳಲ್ಲಿ ದಶರಥನ ಯಜ್ಞದಿಂದ ಹಿಡಿದು ಕಥೆ ಬರೆದಿದ್ದಾರೆ. ಅತ್ತೆಯವರು ಒಂದೊಂದೇ ಚಿತ್ರದ ಮುಂದೆ ನಿಂತು ನಮಗೆ ಕಥೆ ಹೇಳಿದರು. ಅವರಿಗೆ ಮಾರ್ಗದರ್ಶಿಯೇ ಬೇಕಾಗಲಿಲ್ಲ. ಅಲ್ಲೇ ಪಕ್ಕದಲ್ಲಿ 1568ರಲ್ಲಿ ಕಟ್ಟಿದ ಯಹೂದಿಯರ ಪ್ರಾರ್ಥನಾ ಮಂದಿರವಿದೆ. ನೆಲಕ್ಕೆ ಹಾಸಿದ ನೀಲಿ ಬಿಳಿ ಚೀನೀ ಬಿಲ್ಲೆಗಳನ್ನು ಕೈಯಿಂದಲೇ ಚಿತ್ರಿಸಿದ್ದಂತೆ. ಅರಮನೆಗೆ ಶುಕ್ರವಾರ, ಈ ಮಂದಿರಕ್ಕೆ ಶನಿವಾರ ರಜೆ ಎಂಬುದು ಗಮನದಲ್ಲಿರಲಿ.

ಸಂಜೆಗೆ ಫೋರ್ಟ್ ಕೊಚ್ಚಿಯಲ್ಲಿ ಕಥಕ್ಕಳಿ ನೋಡಬಹುದು. ಪ್ರವಾಸಿಗರಿಗಾಗಿ ಆಡುವ ಚಿಕ್ಕ ಪ್ರದರ್ಶನವಾದ್ದರಿಂದ ಮಕ್ಕಳೂ ನಿದ್ದೆ ಹೋಗದೆ ನೋಡುತ್ತಾರೆ. ಆಟಕ್ಕಿಂತ ಮೊದಲೇ ಹೋಗಿ. ನಟರು ಬಣ್ಣ ಹಚ್ಚಿಕೊಳ್ಳುವುದನ್ನು ನೋಡಲು ಬಿಡುತ್ತಾರೆ. ನಮ್ಮ ಯಕ್ಷಗಾನದ ಚೌಕಿ ನೋಡಿದವರಿಗೆ ಅದು ಹೊಸದಲ್ಲ. ಆದರೆ ಯಕ್ಷಗಾನದ ವೇಷ ಮಾತಾಡುತ್ತದೆ, ಇಲ್ಲಿ ನಟ ಮಾತಾಡುವುದಿಲ್ಲ; ಹಿಂದಿನವರು ಹಾಡುತ್ತಾರೆ, ಅವನ ಕಣ್ಣು, ಕೈ ಅರ್ಥ ಹೇಳುತ್ತವೆ. ಹಸಿರು ಮುಖ ಧೀರೋದಾತ್ತ ಪಾತ್ರಕ್ಕೆ. ಇದೆಲ್ಲ ಗಂಡಸರದೇ ಕಲೆ ಎಂದುಕೊಂಡಿದ್ದೆ. ಆದರೆ ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದಲ್ಲಿ 1975ರಲ್ಲೇ ಹೆಂಗಸರದೇ ಒಂದು ಕಥಕ್ಕಳಿ ಮೇಳ ಹುಟ್ಟಿತು. ಕಿರೀಟ, ಬಣ್ಣ, ಭಾರದ ಉಡುಪು ಹೊತ್ತು ಭೀಮ, ರಾವಣರ ವೇಷಗಳನ್ನೂ ಅವರೇ ಕಟ್ಟಿದರು. ಅವರಿಗೆ 2016ರ ಸಾಲಿನ ನಾರೀಶಕ್ತಿ ಪುರಸ್ಕಾರವೂ ಬಂತು. ಎಷ್ಟೋ ಮನೆಗಳಲ್ಲಿ ಮಗಳಿಗೆ ಕುಣಿತದ ಪಾಠವೇ ಬೇಡ ಎನ್ನುತ್ತಿದ್ದ ಕಾಲದಲ್ಲಿ ನಡೆದ ಮಾತು ಇದು!

ಈಗ ದೋಣಿಯ ಮಾತಿಗೆ ಬರುತ್ತೇನೆ.

ಆಲಪ್ಪುಳದಲ್ಲಿ ದೋಣಿಮನೆಗಳ ಆಕರ್ಷಣೆ ದೊಡ್ಡದು. ಹಿಂದೆ ಭತ್ತ ಸಾಗಿಸುತ್ತಿದ್ದ 'ಕೆಟ್ಟುವಳ್ಳಂ' ದೋಣಿಗಳೇ ಇವುಗಳ ಮೂಲ. ಮೊಳೆ ಹೊಡೆಯದೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುತ್ತಿದ್ದರು. ರಸ್ತೆಗಳಾಗಿ ಅವುಗಳಿಗೆ ಕೆಲಸ ತಪ್ಪಿದ ಮೇಲೆ ಪ್ರವಾಸಿಗರ ಮನೆಗಳಾದವು. ಒಂದು ರಾತ್ರಿಗೆ ಬಾಡಿಗೆ ಜೋರಾಗಿಯೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುವವರಿಗೆ ಬೇರೆ ದಾರಿಯಿದೆ. ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳು ನಮ್ಮ ಬಸ್ಸಿನಂತೆ ಊರಿಂದೂರಿಗೆ ಓಡಾಡುತ್ತವೆ. ಆಲಪ್ಪುಳದಿಂದ ಕೊಟ್ಟಾಯಂಗೆ ಸುಮಾರು ಎರಡೂವರೆ ಗಂಟೆಯ ಪ್ರಯಾಣ, ದರ ಬಸ್ಸಿನ ಟಿಕೆಟ್ಟಿನಷ್ಟೇ ಅಗ್ಗ. ಹೊರಡುವ ವೇಳೆಯನ್ನು ಹಿಂದಿನ ದಿನವೇ ಜೆಟ್ಟಿಯಲ್ಲಿ ವಿಚಾರಿಸಿ.

ನಾವು ಹತ್ತಿದ್ದು ಅದೇ ದೋಣಿ. ಕಾಲುವೆ ದಾಟಿ ವೇಂಬನಾಡು ಕಾಯಲಿಗೆ ಬಂದರೆ ನೀರು ಆಕಾಶಕ್ಕೆ ಅಂಟಿದಂತೆ ಕಾಣುತ್ತದೆ. ಎರಡೂ ಕಡೆ ಕುಟ್ಟನಾಡಿನ ಗದ್ದೆಗಳು. ವಿಚಿತ್ರ ನೋಡಿ, ನೀರು ಮೇಲೆ, ಗದ್ದೆ ಕೆಳಗೆ! ಸಮುದ್ರ ಮಟ್ಟಕ್ಕಿಂತ ತಗ್ಗಿನ ನೆಲದಲ್ಲಿ ಒಡ್ಡು ಕಟ್ಟಿ, ನೀರು ಹೊರಗೆ ಹಾಕಿ, ಭತ್ತ ಬೆಳೆಯುತ್ತಾರೆ. ಪ್ರಪಂಚದ ಪರಂಪರಾಗತ ಬೇಸಾಯ ಪದ್ಧತಿಗಳಲ್ಲಿ ಒಂದೆಂದು 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಗುರುತಿಸಿತು. 2018ರ ಆಗಸ್ಟ್‌ನ ಮಹಾಪ್ರವಾಹದಲ್ಲಿ ಇಡೀ ಕುಟ್ಟನಾಡೇ ಮುಳುಗಿ, ಜನ ಮನೆ ಬಿಟ್ಟು ಹೊರಡಬೇಕಾಯಿತು. ನೋಡುವವರಿಗೆ ಚೆಂದವಾದ ನೀರು, ಅಲ್ಲಿ ಬಾಳುವವರಿಗೆ ಅಷ್ಟೇ ಭಯದ ನೀರು ಕೂಡ.

ದೋಣಿ ನಿಂತಲ್ಲೆಲ್ಲ ಶಾಲೆಯ ಹುಡುಗಿಯರು ಹತ್ತಿದರು, ಸಂತೆ ಚೀಲದ ಹೆಂಗಸರು ಇಳಿದರು. ದಡದ ಮೆಟ್ಟಿಲುಗಳ ಮೇಲೆ ಒಬ್ಬಾಕೆ ಕೂತು ಪಾತ್ರೆ ಬೆಳಗುತ್ತಿದ್ದಳು. ನಾನು ಕೈ ಬೀಸಿದೆ, ಅವಳೂ ಬೂದಿಯ ಕೈಯನ್ನೇ ಎತ್ತಿದಳು. ಅತ್ತೆಯವರು ದಡದ ತೆಂಗಿನ ಮರಗಳನ್ನು ಲೆಕ್ಕ ಹಾಕುವವರಂತೆ ನೋಡುತ್ತಾ, "ಇವರು ಎಲ್ಲಕ್ಕೂ ಹಸಿ ಕಾಯಿಯನ್ನೇ ಸುರೀತಾರೆ. ಕೊಬ್ಬರಿ ಆಗೋಕೆ ಎಲ್ಲಿ ಬಿಡ್ತಾರೆ!" ಎಂದು ತಿಪಟೂರಿನ ತೀರ್ಪು ಕೊಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈ ಮೇಲೆ ಕೈ ಇಟ್ಟು, "ಆವತ್ತು ಇಲ್ಲೇ ಕಿಟಕಿ ಪಕ್ಕ ಕೂತಿದ್ದೆ ಕಣೇ. ಪಕ್ಕದ ಸೀಟು ಖಾಲಿ ಇತ್ತು. ಅವಳು ಬಂದಿದ್ರೆ ಆಗೋದು ಅನ್ನಿಸ್ತು. ಆದ್ರೆ ಬಾಯಿ ಬಿಟ್ಟು ಹೇಳಲಿಲ್ಲ" ಎಂದರು.

"ನಾನೂ ಹೇಳಲಿಲ್ಲ ಬಿಡಿ ಅತ್ತೆ" ಎಂದೆ. ಅಷ್ಟೇ. ಆಮೇಲೆ ಕೊಟ್ಟಾಯಂ ಬರುವವರೆಗೂ ಇಬ್ಬರೂ ನೀರು ನೋಡುತ್ತಾ ಕೂತೆವು.

ಸೋದರಿಯರೇ, ನಾನು ಯಾರನ್ನೂ ದೂರುತ್ತಿಲ್ಲ. ನನ್ನ ಮೇಲೆ ಯಾರೂ ಬಲವಂತ ಮಾಡಿರಲಿಲ್ಲ. "ನನಗೂ ನೋಡಬೇಕು" ಎಂಬ ಮೂರಕ್ಷರದಷ್ಟು ಚಿಕ್ಕ ಮಾತನ್ನು ನಾನು ಆಡಲಿಲ್ಲ, ಅವರಿಗೆ ತೋಚಲಿಲ್ಲ. ನೀವು ಆ ಮಾತನ್ನು ಊರಲ್ಲೇ, ಟಿಕೆಟ್ ತೆಗೆಯುವ ಮೊದಲೇ ಆಡಿಬಿಡಿ. ಜಗಳವಾಡಿ ಅಲ್ಲ, ಎಲ್ಲರೂ ಕಾಫಿ ಕುಡಿಯುವಾಗ ನಗುನಗುತ್ತಾ ಹೇಳಿ: "ಈ ಸಲ ಆರು ದಿನ ನನಗೂ ರಜೆ." ಮಡಿಯ ಹಿರಿಯರಿದ್ದರೆ ಅವರನ್ನೇ ಕೇಳಿ ಒಂದು ದಾರಿ ಹುಡುಕಿ. ಹಣ್ಣು, ಹಾಲು, ಅವಲಕ್ಕಿ, ಚಟ್ನಿಪುಡಿ, ಹುರಿಟ್ಟು ಇದ್ದರೆ ಯಾರೂ ಉಪವಾಸ ಬೀಳುವುದಿಲ್ಲ.

ಇನ್ನು ಕೆಲವು ಉಪಯುಕ್ತ ಮಾತುಗಳು:

ಕಾಲ: ಮುಂಗಾರು ಕೇರಳಕ್ಕೆ ಜೂನ್ 1ರ ಸುಮಾರಿಗೆ ಕಾಲಿಡುತ್ತದೆ. ಅಕ್ಟೋಬರ್, ನವೆಂಬರಿನಲ್ಲೂ ಗುಡುಗು ಮಳೆ ಇರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹಿತ. ಮಕ್ಕಳ ಬೇಸಿಗೆ ರಜೆಗೇ ಹೋಗಬೇಕೆಂದರೆ ಬೆವರಿಗೆ ಸಿದ್ಧರಾಗಿ.

ಬಟ್ಟೆ: ದಪ್ಪ ಹತ್ತಿ ಸೀರೆ ಒಯ್ಯಬೇಡಿ, ಒಣಗುವುದಿಲ್ಲ. ವಾಯಿಲ್ ಸೀರೆ, ತೆಳು ಚೂಡಿದಾರ ಸಾಕು. ಗುರುವಾಯೂರಿನಂಥ ದೇವಸ್ಥಾನಗಳಲ್ಲಿ ಗಂಡಸರು ಪಂಚೆ ಉಟ್ಟು ಅಂಗಿ ತೆಗೆಯಬೇಕು, ಒಂದು ಪಂಚೆ ಚೀಲದಲ್ಲಿರಲಿ.

ನೀರಿನ ಎಚ್ಚರ: ದೋಣಿಯಲ್ಲಿ ತೇಲುವ ಅಂಗಿ ಕೇಳಿ ಹಾಕಿಕೊಳ್ಳಿ, ಜನ ಕಿಕ್ಕಿರಿದ ದೋಣಿ ಹತ್ತಬೇಡಿ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ವಿಹಾರ ದೋಣಿ ಮಗುಚಿ 22 ಜನ ಸತ್ತರು, ಮಕ್ಕಳೇ ಹೆಚ್ಚು. ನಾಚಿಕೆ ಪಟ್ಟುಕೊಳ್ಳುವ ವಿಷಯವಲ್ಲ ಇದು.

ಕೊಳ್ಳುವುದು: ಏಲಕ್ಕಿ, ಮೆಣಸನ್ನು ಮೂಸಿ ನೋಡಿ ಕೊಳ್ಳಿ. 2018ರ ಪ್ರವಾಹದಲ್ಲಿ ಚೇಂದಮಂಗಲದ ನೇಕಾರರ ಕೈಮಗ್ಗದ ಸೀರೆಗಳು ಕೆಸರಾಗಿ ಹಾಳಾದಾಗ, ಅವನ್ನು ಎಸೆಯದೆ ತೊಳೆದು, ಕತ್ತರಿಸಿ 'ಚೇಕುಟ್ಟಿ' ಎಂಬ ಪುಟ್ಟ ಗೊಂಬೆಗಳನ್ನು ಮಾಡಿದರು. ಚೇರು ಎಂದರೆ ಕೆಸರು, ಕುಟ್ಟಿ ಎಂದರೆ ಮಗು. ಸಿಕ್ಕಿದರೆ ಮಕ್ಕಳಿಗೊಂದು ತನ್ನಿ, ಕಥೆಯನ್ನೂ ಹೇಳಿ.

ಮನೆ ಬಿಡುವ ಮುನ್ನ: ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಹಾಲಿನವನಿಗೆ ಹೇಳಿ, ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರನ್ನು ಕೇಳಿ. ಹಣವನ್ನು ಮೂರು ಕಡೆ ಹಂಚಿಡಿ, ಅದರಲ್ಲಿ ಒಂದು ಪಾಲು ನಿಮ್ಮ ಕೈಯಲ್ಲೇ ಇರಲಿ. ಹಿರಿಯರ ಮಾತ್ರೆಗಳನ್ನು ಎರಡು ದಿನ ಹೆಚ್ಚೇ ಇಟ್ಟುಕೊಳ್ಳಿ.

ಹೋಗಲಾಗದವರು ಮನೆಯಲ್ಲೇ ಕೇರಳದ ರುಚಿ ನೋಡಲೆಂದು ಅವಿಯಲ್ ಮಾಡುವ ವಿಧಾನ ಕೊಡುತ್ತೇನೆ. ವಿರಾಟನ ಅಡಿಗೆಮನೆಯಲ್ಲಿ ಭೀಮಸೇನ ಇದ್ದಬದ್ದ ತರಕಾರಿಯನ್ನೆಲ್ಲ ಸೇರಿಸಿ ಮಾಡಿದ್ದೆಂದು ಹೇಳುವುದುಂಟು.

ಅವಿಯಲ್ (ಐದು ಜನಕ್ಕೆ)

ಬೇಕಾಗುವ ಸಾಮಾನು: ಸುವರ್ಣಗೆಡ್ಡೆ, ಬಾಳೆಕಾಯಿ, ನುಗ್ಗೆಕಾಯಿ, ಬೂದುಗುಂಬಳ, ಪಡವಲಕಾಯಿ, ಕ್ಯಾರೆಟ್, ಹುರುಳಿಕಾಯಿ, ಎಲ್ಲ ಸೇರಿ ಅರ್ಧ ಕೆ.ಜಿ.; ತೆಂಗಿನತುರಿ ಒಂದು ಬಟ್ಟಲು, ಹಸಿಮೆಣಸಿನಕಾಯಿ ಮೂರು, ಜೀರಿಗೆ ಅರ್ಧ ಚಮಚ, ಹುಳಿ ಮೊಸರು ಅರ್ಧ ಬಟ್ಟಲು, ಅರಿಸಿನ ಚಿಟಿಕೆ, ಕೊಬ್ಬರಿ ಎಣ್ಣೆ ಎರಡು ಚಮಚ, ಕರಿಬೇವು, ಉಪ್ಪು.

ಮಾಡುವ ವಿಧಾನ: ಕೈಗೆ ಎಣ್ಣೆ ಸವರಿಕೊಂಡು ಸುವರ್ಣಗೆಡ್ಡೆ ಹೆಚ್ಚಿ, ಇಲ್ಲದಿದ್ದರೆ ತುರಿಸುತ್ತದೆ. ಎಲ್ಲ ತರಕಾರಿಯನ್ನೂ ಬೆರಳುದ್ದ ಸೀಳಿಕೊಳ್ಳಿ. ಗೆಡ್ಡೆ, ಬಾಳೆಕಾಯಿಗಳನ್ನು ಅರಿಸಿನ, ಉಪ್ಪು, ಸ್ವಲ್ಪವೇ ನೀರು ಹಾಕಿ ಮೊದಲು ಬೇಯಿಸಿ. ಅರೆಬೆಂದಾಗ ಉಳಿದವನ್ನು ಹಾಕಿ ಮುಚ್ಚಿ. ಬೂದುಗುಂಬಳವೇ ನೀರು ಬಿಡುತ್ತದೆ, ಮೇಲೆ ಸುರಿಯಬೇಡಿ. ಕಾಯಿ, ಮೆಣಸಿನಕಾಯಿ, ಜೀರಿಗೆಯನ್ನು ತರಿತರಿಯಾಗಿ ರುಬ್ಬಿ ಸೇರಿಸಿ, ಎರಡು ನಿಮಿಷ ಹಬೆ ಬರಿಸಿ. ಉರಿ ತಗ್ಗಿಸಿ ಕಡೆದ ಮೊಸರು ಹಾಕಿ, ಕುದಿಯುವ ಮೊದಲೇ ಇಳಿಸಿ. ಮೇಲೆ ಹಸಿ ಕೊಬ್ಬರಿ ಎಣ್ಣೆ, ಕರಿಬೇವು ಹಾಕಿ ಐದು ನಿಮಿಷ ಮುಚ್ಚಿಡಿ. ಸಾಸಿವೆ ಒಗ್ಗರಣೆ ಬೇಡ. ಕೊಬ್ಬರಿ ಎಣ್ಣೆಯ ವಾಸನೆ ಒಗ್ಗದಿದ್ದರೆ ಮೊದಲ ಸಲ ಒಂದೇ ಚಮಚ ಹಾಕಿ ನೋಡಿ.

ಪತ್ರ ಬರೆದ ತಂಗೀ, ನಿಮ್ಮ ಪಟ್ಟಿಯಲ್ಲಿ ಚಟ್ನಿಪುಡಿಯನ್ನೂ ಬಟ್ಟೆ ಹಗ್ಗವನ್ನೂ ಮಾತ್ರ ಉಳಿಸಿಕೊಳ್ಳಿ. ಪ್ರತಿದಿನ ಒಂದು ಫೋಟೋದಲ್ಲಾದರೂ ನೀವಿರಬೇಕು, ಮಕ್ಕಳ ಕೈಗೆ ಫೋನು ಕೊಟ್ಟು ತೆಗೆಸಿಕೊಳ್ಳಿ. ನಮ್ಮ ಆಲ್ಬಮಿಗೆ ಈಗ ಹನ್ನೆರಡನೆಯ ಫೋಟೋ ಸೇರಿದೆ. ತೆಗೆದವರು ನಮ್ಮವರು. ದೋಣಿ ಅಲುಗಿ ಫೋಟೋ ಓರೆಯಾಗಿದೆ, ಅತ್ತೆಯವರ ಕಿವಿ ಮತ್ತು ನನ್ನ ಅರ್ಧ ಹಣೆ ಹೊರಗೇ ಉಳಿದಿವೆ. ಆದರೂ ನಾನು ಅದರಲ್ಲಿದ್ದೇನೆ.

ಹೋಗಿ ಬಂದು ಪತ್ರ ಬರೆಯಿರಿ. ಏನು ಅಡಿಗೆ ಮಾಡಿದಿರಿ ಎಂದು ಬೇಡ, ಏನು ನೋಡಿದಿರಿ ಎಂದು ಬರೆಯಿರಿ.

ನಿಮ್ಮ ಅಕ್ಕ